ಸಲಿಂಗ ಮದುವೆ: ಕೋರ್ಟ್ ಸಂಸತ್ತಿಗೆ ಬಿಟ್ಟಿತು, ಸಂಸತ್ತು ಸುಮ್ಮನಿದೆ. ನಮ್ಮ ಶಾಸಕರನ್ನು ಕೇಳಬಹುದಾ?

ಕೀರೆಹೊಳೆ_ಅಕ್ಕ
ಎಲ್ಲರಿಗೂ ನಮಸ್ಕಾರ. ಇದು ರಾಜಕೀಯದ ಪ್ರಶ್ನೆ, ನಮ್ಮ ಮನೆಯ ಪ್ರಶ್ನೆಯೂ ಹೌದು. ಪೂರ್ತಿ ಓದಿ ಉತ್ತರ ಕೊಡಿ.

ನನ್ನ ಚಿಕ್ಕಮ್ಮನ ಮಗಳು ಮತ್ತು ಅವಳ ಸಂಗಾತಿ, ಇಬ್ಬರೂ ಹೆಂಗಸರು, ಗೋಣಿಕೊಪ್ಪದ ಹತ್ತಿರ ಸಣ್ಣ ತೋಟ ನೋಡಿಕೊಂಡು ಒಟ್ಟಿಗೆ ಇದ್ದಾರೆ. ಬಹಳ ವರ್ಷ ಆಯ್ತು. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಕಳೆದ ಮಳೆಗಾಲದಲ್ಲಿ ತಂಗಿ ಪಾಚಿ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಜಿಲ್ಲೆಯ ಹೊರಗಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಪರೇಷನ್ ಕಾಗದಕ್ಕೆ ಸಂಗಾತಿ ಸಹಿ ಹಾಕಲು ಹೋದರೆ ಬಿಡಲಿಲ್ಲ. "ನೀವು ಯಾರು? ಮನೆಯವರನ್ನು ಕರೆಸಿ" ಅಂದರು. ಕೊನೆಗೆ ನಾನು ಹೋಗಿ ಸಹಿ ಹಾಕಿದೆ. ಪುತ್ತರಿಗೋ ಯಾರದೋ ಮದುವೆಗೋ ಸಿಗುವ ನನಗೆ ಆ ಹಕ್ಕು ಇದೆ. ದಿನಾ ಜೊತೆಯಲ್ಲಿ ಉಣ್ಣುವವಳಿಗೆ ಇಲ್ಲ.

2023ರ ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇಲ್ಲಿ ಕಾವೇರಿ ಸಂಕ್ರಮಣದ ಗಡಿಬಿಡಿ, ಹಾಗಾಗಿ ನಮ್ಮ ಕಡೆ ಅದರ ಬಗ್ಗೆ ಮಾತೇ ಆಗಲಿಲ್ಲ. ಮದುವೆಯ ಕಾನೂನು ಮಾಡುವುದು ಶಾಸನಸಭೆಯ ಕೆಲಸ ಅಂತ ಕೋರ್ಟ್ ಹೇಳಿತು. ಅಲ್ಲಿಂದ ಇಲ್ಲಿವರೆಗೆ ಯಾವ ಕಾನೂನೂ ಬಂದಿಲ್ಲ. ಮತ ಕೇಳಲು ಮನೆಗೆ ಬರುವವರನ್ನು ಇದರ ಬಗ್ಗೆ ಏನಂತ ಕೇಳಬೇಕು? ಕೇಳಿದರೆ ಪ್ರಯೋಜನ ಇದೆಯಾ?

ಮಡಿಕೇರಿ_ಮಂಜು
ಸಲಿಂಗ ಸಂಬಂಧ ಅಪರಾಧ ಅನ್ನುತ್ತಿದ್ದ 377ನೇ ಕಲಂ ತೆಗೆದುಹಾಕಿದ ಮೇಲೆ ಇದೆಲ್ಲ ಸರಿಯಾಯ್ತು ಅಂದುಕೊಂಡಿದ್ದೆ. ಮದುವೆ ಇನ್ನೂ ಆಗಲ್ವಾ?

ಪೊನ್ನಂಪೇಟೆ_ಮೇಷ್ಟ್ರು
ಆಗಲ್ಲ. ಎರಡೂ ಬೇರೆ ಬೇರೆ. 2018ರ ಸೆಪ್ಟೆಂಬರ್ 6ರ ತೀರ್ಪು ಹೇಳಿದ್ದು ಇಷ್ಟೇ: ಇಬ್ಬರು ವಯಸ್ಕರು ಒಪ್ಪಿ ಸೇರಿದರೆ ಅದು ಅಪರಾಧ ಅಲ್ಲ. ಅಪರಾಧ ಅಲ್ಲ ಅಂದ ಮಾತ್ರಕ್ಕೆ ಗಂಡ ಹೆಂಡತಿಯ ಹಕ್ಕು ಬಂದುಬಿಡಲ್ಲ. ಅದಕ್ಕೂ ಮೊದಲಿನದ್ದು ದೊಡ್ಡ ಕಥೆ. 2009ರಲ್ಲಿ ದೆಹಲಿ ಹೈಕೋರ್ಟ್ ಅಪರಾಧ ಅಲ್ಲ ಅಂದಿತು, 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು, 2018ರಲ್ಲಿ ಮತ್ತೆ ಅಪರಾಧ ಅಲ್ಲ ಅಂದಿತು.

2023ರಲ್ಲಿ ಐದು ಜನ ನ್ಯಾಯಮೂರ್ತಿಗಳು ಕೂತಿದ್ದರು. ಮದುವೆ ಆಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಅನ್ನುವುದಕ್ಕೆ ಐದೂ ಜನ ಒಪ್ಪಿದರು. ಮದುವೆ ಬೇಡ, ಜೊತೆ ಬಾಳುವ ಒಂದು ಸಂಬಂಧಕ್ಕಾದರೂ ಸರ್ಕಾರದ ಮಾನ್ಯತೆ ಸಿಗಬೇಕು ಅಂದವರು ಚಂದ್ರಚೂಡ್ ಮತ್ತು ಕೌಲ್. ಭಟ್, ಕೊಹ್ಲಿ, ನರಸಿಂಹ ಒಪ್ಪಲಿಲ್ಲ. 3–2. ದತ್ತು ವಿಷಯದಲ್ಲೂ ಹಾಗೇ ಆಯ್ತು. ಮರುಪರಿಶೀಲನೆಯ ಅರ್ಜಿಗಳನ್ನು 2025ರ ಜನವರಿಯಲ್ಲಿ ವಜಾ ಮಾಡಿದರು.

ನಾಪೋಕ್ಲು_ಸುಬೇದಾರ್
ಅಕ್ಕಾ, ಆಸ್ಪತ್ರೆಯಲ್ಲಿ ಆದದ್ದು ತಪ್ಪು. ಅದನ್ನು ಮೊದಲು ಹೇಳುತ್ತೇನೆ. ಜೊತೆಗಿದ್ದವರನ್ನು ಹಾಗೆ ಹೊರಗೆ ನಿಲ್ಲಿಸಬಾರದು.

ಆದರೆ ಮದುವೆ ವಿಷಯ ಬೇರೆ. ನಮ್ಮ ಕೊಡವ ಮದುವೆಯಲ್ಲಿ ಪುರೋಹಿತರಿಲ್ಲ, ಮಂತ್ರ ಇಲ್ಲ. ದೀಪದ ಮುಂದೆ, ಗುರು ಕಾರಣರ, ಅಂದರೆ ಪೂರ್ವಜರ, ನೆನಪಿನಲ್ಲಿ ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಅದರಲ್ಲಿ ಮುಖ್ಯವಾದದ್ದು ಸಂಬಂಧ ಅಡಕುವುದು. ಎರಡೂ ಕಡೆಯ ಅರುವರು, ಅಂದರೆ ಮನೆತನದ ಪರ ಮಾತಾಡುವವರು, ಎದುರುಬದುರು ನಿಂತು ಹಕ್ಕಿನ ಮಾತು ಆಡುತ್ತಾರೆ, ಕಲ್ಲು ಕೈ ಬದಲಾಗುತ್ತದೆ. ಹೆಣ್ಣು ಒಂದು ಒಕ್ಕದಿಂದ (ಮನೆತನದಿಂದ) ಇನ್ನೊಂದು ಒಕ್ಕಕ್ಕೆ ಬಂದಳು ಅಂತ ಊರಿನ ಮುಂದೆ ಆಗುವ ಒಪ್ಪಂದ ಅದು. ಇಬ್ಬರೂ ಗಂಡಸರಾದರೆ ಯಾರು ಯಾವ ಒಕ್ಕಕ್ಕೆ? ಮಕ್ಕಳು ಯಾವ ಒಕ್ಕದವರು? ನಮ್ಮ ಜನವೇ ಕಡಿಮೆ. ಒಕ್ಕದ ಮೂಲಮನೆಗಳಾದ ಎಷ್ಟೋ ಐನ್‌ಮನೆಗಳಲ್ಲಿ ಈಗ ದೀಪ ಇಡುವವರಿಲ್ಲ. ನಾನು ಯಾರ ಮೇಲೂ ದ್ವೇಷದಿಂದ ಇದನ್ನು ಬರೆಯುತ್ತಿಲ್ಲ.

ಕುಶಾಲನಗರ_ಹೋಮ್‌ಸ್ಟೇ
ನಮ್ಮಲ್ಲಿಗೆ ಬೆಂಗಳೂರಿನಿಂದ ಇಂಥ ಜೋಡಿಗಳು ಬರುತ್ತಾರೆ. ಇಬ್ಬರ ಆಧಾರ್ ನೋಡುತ್ತೇನೆ, ರಿಜಿಸ್ಟರಿನಲ್ಲಿ ಬರೆಯುತ್ತೇನೆ, ರೂಮ್ ಕೊಡುತ್ತೇನೆ. ಇವತ್ತಿನವರೆಗೆ ಒಂದು ಜಗಳ ಇಲ್ಲ.

ಮಡಿಕೇರಿ_ಮಂಜು
ಸುಬೇದಾರ್ ಅಂಕಲ್, ನಮ್ಮಲ್ಲಿ ನರಿ ಮಂಗಲ ಇತ್ತಲ್ಲ? ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ. ಹುಲಿ ಕೊಂದವನನ್ನು ಮದುಮಗನ ಹಾಗೆ ಕೂರಿಸಿ, ಸತ್ತ ಹುಲಿಯನ್ನು ಪಕ್ಕದಲ್ಲೇ ತೂಗುಹಾಕಿ, ಹಿರಿಯರು ಅಕ್ಕಿ ಹಾಕಿ ಹರಸುತ್ತಿದ್ದರು. ಹತ್ತು ಮಕ್ಕಳ ತಾಯಿಗೆ ಮಾಡುತ್ತಿದ್ದ ಮಂಗಲವೂ ಇತ್ತು. ನಮ್ಮ ಹಿರಿಯರು ಇಷ್ಟೆಲ್ಲ ಬಗೆಯ ಮಂಗಲ ಮಾಡಿದವರು. ಇನ್ನೊಂದಕ್ಕೆ ಜಾಗ ಇಲ್ವಾ?

ನಾಪೋಕ್ಲು_ಸುಬೇದಾರ್
ಅದು ಬೇರೆ ಮಂಜು. ನರಿ ಮಂಗಲ ಗೌರವಕ್ಕೆ ಮಾಡುವುದು. ಅಲ್ಲಿ ಸಂಬಂಧ ಅಡಕುವುದಿಲ್ಲ, ಒಕ್ಕ ಬದಲಾಗಲ್ಲ, ಆಸ್ತಿಯ ಮಾತೂ ಇಲ್ಲ. ಅದನ್ನು ತಂದು ಇಲ್ಲಿಗೆ ಸೇರಿಸಬೇಡ.

ಬಾಳೆಲೆ_ಬೊಳ್ಳಮ್ಮ
ಸುಬೇದಾರ್ ಅಣ್ಣ ಹೇಳಿದ್ದು ಸರಿ, ನರಿ ಮಂಗಲ ಇಲ್ಲಿಗೆ ಹೊಂದಲ್ಲ. ಆದರೆ ಒಕ್ಕ ಪರಿಜೆ, ಮಕ್ಕ ಪರಿಜೆ ಇದೆಯಲ್ಲ ಅಣ್ಣ? ಗಂಡು ಸಂತಾನ ಇಲ್ಲದ ಮನೆಗೆ ಅಳಿಯನನ್ನೇ ತಂದುಕೊಂಡರು. ಹುಟ್ಟಿದ ಮಕ್ಕಳನ್ನು ತಾಯಿಯ ಒಕ್ಕಕ್ಕೆ ಸೇರಿಸಿದರು. ಒಕ್ಕ ಉಳಿಯಬೇಕು ಅಂತ ಹಿರಿಯರು ಪದ್ಧತಿಯಲ್ಲೇ ದಾರಿ ಮಾಡಿಕೊಂಡರು. ಅಂದರೆ ಯಾರು ಯಾವ ಒಕ್ಕಕ್ಕೆ ಅನ್ನುವ ಪ್ರಶ್ನೆಗೆ ಯಾವತ್ತೂ ಒಂದೇ ಉತ್ತರ ಇರಲಿಲ್ಲ.

ನನ್ನ ಅಜ್ಜಿಯ ತಂಗಿ ಮದುವೆ ಆಗಲೇ ಇಲ್ಲ. ಐನ್‌ಮನೆಯಲ್ಲೇ ಇದ್ದರು. ಹೊಲ, ಹಂದಿ, ದೀಪ, ಎಲ್ಲ ಅವರೇ ನೋಡಿಕೊಂಡರು. ಒಕ್ಕಕ್ಕೆ ಅವರಿಂದ ಏನು ನಷ್ಟ ಆಯ್ತು? ಜನ ಕಡಿಮೆ ಆಗಿರುವುದು ಹುಡುಗರು ಊರು ಬಿಟ್ಟಿದ್ದಕ್ಕೆ, ತೋಟ ಮಾರಿದ್ದಕ್ಕೆ. ಅದನ್ನು ಈ ಇಬ್ಬರು ಹೆಂಗಸರ ತಲೆಗೆ ಕಟ್ಟುವುದು ಸರಿಯಲ್ಲ.

ಶನಿವಾರಸಂತೆ_ಹುಡುಗ
ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ಬರೆಯಬೇಕು ಅನ್ನಿಸಿತು. ನಾನು ಅದೇ ಬಗೆಯವನು. ಊರಿನ ಹೆಸರು ಕೂಡ ನಿಜದ್ದಲ್ಲ.

ಮದುವೆಯ ಹಕ್ಕು ಬೇಕು, ನಿಜ. ಆದರೆ ನನ್ನ ಮಟ್ಟಿಗೆ ಮೊದಲ ಕಷ್ಟ ಅದಲ್ಲ. ಅಮ್ಮ ಪ್ರತಿ ಭಾನುವಾರ ಒಂದು ಹುಡುಗಿಯ ಫೋಟೋ ಕಳಿಸುತ್ತಾರೆ. ಅಪ್ಪನಿಗೆ ಗೊತ್ತಾದ ಮೇಲೆ ನನ್ನನ್ನು "ಸರಿ ಮಾಡಿಸಲು" ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಮಾತ್ರೆ ಬರೆದುಕೊಟ್ಟರು. ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ ಅಂತ ಅಪ್ಪನಿಗೆ ಹೇಳಿದರು. ಆ ಮಾತು ಕೇಳಿ ಅಪ್ಪ ಈಗಲೂ ಕಾಯುತ್ತಿದ್ದಾರೆ. ನಾನು ಒಪ್ಪಿದರೆ ಒಬ್ಬ ಹುಡುಗಿಯ ಬಾಳು ಹಾಳಾಗುತ್ತದೆ. ಅವಳ ಬಗ್ಗೆ ಯಾರೂ ಯೋಚನೆ ಮಾಡಲ್ಲ.

ಸುಬೇದಾರ್ ಸರ್, ಒಕ್ಕ ಉಳಿಯಲಿ ಅಂತ ಹೀಗೆ ಒತ್ತಾಯಕ್ಕೆ ಆದ ಮದುವೆಗಳು ನಮ್ಮ ಜಿಲ್ಲೆಯಲ್ಲೂ ಇವೆ. ಆ ಮನೆಗಳಲ್ಲಿ ಯಾರೂ ಸುಖವಾಗಿಲ್ಲ.

ಸುಂಟಿಕೊಪ್ಪ_ನರ್ಸ್
ತಮ್ಮ, ಬರೆದದ್ದು ಒಳ್ಳೆಯದಾಯ್ತು. ಒಂದು ವಿಷಯ ನೆನಪಿಡಿ. ಇದನ್ನು "ಸರಿ ಮಾಡುತ್ತೇನೆ" ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆದಿದೆ. ಡಾಕ್ಟರ ಮೇಲೆ ದೂರು ಕೊಡಬಹುದು. ಇದು ಕಾಯಿಲೆ ಅಲ್ಲ ಅಂತ ದೇಶದ ಮನೋವೈದ್ಯರ ಸಂಘವೂ ಹೇಳಿದೆ. 2023ರಲ್ಲಿ ಮದುವೆ, ದತ್ತು ಎರಡಕ್ಕೂ ಅದು ಬೆಂಬಲ ಕೊಟ್ಟಿತು. ಆ ಮಾತ್ರೆ ನುಂಗಬೇಡಿ.

ಕೀರೆಹೊಳೆ ಅಕ್ಕ, ನಿಮ್ಮ ತಂಗಿಗೆ ಎಚ್ಚರ ಇತ್ತಲ್ಲ? ಎಚ್ಚರ ಇರುವ ವಯಸ್ಕರು ತಮ್ಮ ಒಪ್ಪಿಗೆ ತಾವೇ ಕೊಡಬಹುದು. ಮನೆಯವರ ಸಹಿ ಕೇಳುವುದು ಆಸ್ಪತ್ರೆಗಳ ರೂಢಿ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಜಗಳ ಬರಬಾರದು, ಬಿಲ್ ಕಟ್ಟುವವರು ಯಾರು ಅಂತ ಗೊತ್ತಿರಬೇಕು, ಅದಕ್ಕೆ ಕೇಳುತ್ತಾರೆ. ಕಷ್ಟ ಬರುವುದು ಎಚ್ಚರ ತಪ್ಪಿದಾಗ.

ಕೀರೆಹೊಳೆ_ಅಕ್ಕ
ಎಚ್ಚರ ಇತ್ತು ಸಿಸ್ಟರ್. ನೋವಿನಲ್ಲಿ ಒದ್ದಾಡುತ್ತಿದ್ದಳು. ಆ ಹೊತ್ತಿನಲ್ಲಿ ಕಾನೂನು ಯಾರು ಮಾತಾಡುತ್ತಾರೆ?

ವಿರಾಜಪೇಟೆ_ವಕೀಲೆ
ಅದಕ್ಕೇ ಮೊದಲೇ ಕಾಗದ ಮಾಡಿಟ್ಟುಕೊಳ್ಳಬೇಕು. ನನ್ನ ಹತ್ತಿರ ಈ ಪ್ರಶ್ನೆ ಹಿಡಿದುಕೊಂಡು ಬರುವವರು ಈಗ ಜಾಸ್ತಿ. ಮದುವೆ ಇಲ್ಲದೆಯೂ ಇವತ್ತು ಏನು ಆಗುತ್ತದೆ, ಏನು ಆಗಲ್ಲ ಅಂತ ಬರೆಯುತ್ತೇನೆ.

ಆಸ್ತಿ. ವಿಲ್ ಇಲ್ಲದೆ ನಿಮ್ಮ ತಂಗಿ ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡ, ಮಕ್ಕಳು, ಅವರಿಲ್ಲದಿದ್ದರೆ ಗಂಡನ ವಾರಸುದಾರರು, ಅವರೂ ಇಲ್ಲದಿದ್ದರೆ ತಂದೆ ತಾಯಿ, ಆಮೇಲೆ ತಂದೆಯ ಕಡೆಯವರು ವಾರಸುದಾರರು. ಸಂಗಾತಿಗೆ ಒಂದು ಗಿಡ ಕೂಡ ಬರಲ್ಲ. ಸ್ವಂತ ಗಳಿಕೆಯ ಜಾಗಕ್ಕೆ ವಿಲ್ ಬರೆಯಬಹುದು. ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿ, ಆಮೇಲೆ ಅಣ್ಣತಮ್ಮಂದಿರು ತಕರಾರು ಎತ್ತಿದಾಗ ಬಲ ಬರುತ್ತದೆ. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಮಾತು ಬೇರೆ. ಅಲ್ಲಿ ಪಟ್ಟೆದಾರರು (ಒಕ್ಕದ ಹಿರಿಯರು), ಒಕ್ಕದವರ ಪಾಲು ಎಲ್ಲ ಇರುವುದರಿಂದ ಸುಮ್ನೆ ಒಂದು ವಿಲ್‌ನಿಂದ ಮುಗಿಯಲ್ಲ.

ಬದುಕಿರುವಾಗಲೇ ಬರೆದುಕೊಡಲು ಹೋದರೆ ಕರ್ನಾಟಕದಲ್ಲಿ ಮನೆಯವರಿಗೆ ಕೊಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಸಣ್ಣ ನಿಗದಿತ ಮೊತ್ತ. ಸಂಗಾತಿ ಕಾನೂನಿನ ಲೆಕ್ಕಕ್ಕೆ ಹೊರಗಿನವರು. ಅವರಿಗೆ ಕೊಟ್ಟರೆ ಮಾರ್ಗದರ್ಶಿ ಬೆಲೆಯ ಶೇ 5, ಮೇಲೆ ಸೆಸ್. ಇವತ್ತಿನ ತೋಟದ ಬೆಲೆಗೆ ಅದು ಎಷ್ಟಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಆದಾಯ ತೆರಿಗೆಯೂ ಹಾಗೇ. ಗಂಡ ಹೆಂಡತಿ ಒಬ್ಬರಿಗೊಬ್ಬರು ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ. ಹೊರಗಿನವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿ ಬಂದರೆ ಅದು ಆದಾಯ.

ಆಸ್ಪತ್ರೆ. ಮುಂಚಿತ ವೈದ್ಯಕೀಯ ನಿರ್ದೇಶನ ಬರೆದಿಡಬಹುದು. ಇನ್ನು ಚೇತರಿಸಿಕೊಳ್ಳುವ ಆಸೆ ಇಲ್ಲದ ಸ್ಥಿತಿ ಬಂದರೆ ನನ್ನ ಪರವಾಗಿ ಇವರು ತೀರ್ಮಾನ ಮಾಡಲಿ ಅಂತ ಅದರಲ್ಲಿ ಹೆಸರು ಬರೆಯಬಹುದು. ಆ ಹೆಸರು ನೆಂಟರದ್ದೇ ಆಗಬೇಕಿಲ್ಲ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಆದೇಶ ಮಾಡಿದೆ. ಮಾನಸಿಕ ಚಿಕಿತ್ಸೆಗಾದರೆ 2017ರ ಕಾಯ್ದೆಯಲ್ಲೇ ನಿಮಗೆ ಬೇಕಾದವರನ್ನು ಪ್ರತಿನಿಧಿ ಮಾಡಿಕೊಳ್ಳಬಹುದು. ಮೂಳೆ ಮುರಿದ ಆಪರೇಷನ್ನಿಗೆ ಇಷ್ಟು ಸ್ಪಷ್ಟವಾದ ಕಾನೂನು ಇಲ್ಲ.

ಮಡಿಕೇರಿ_ಮಂಜು
ಬ್ಯಾಂಕಿನಲ್ಲಿ ನಾಮಿನಿ ಮಾಡಿದರೆ ಸಾಕಾಗಲ್ವಾ ಮೇಡಂ? 2024ರಲ್ಲಿ ಕೇಂದ್ರ ಸರ್ಕಾರವೇ ಜಂಟಿ ಖಾತೆ, ನಾಮಿನಿ ಎರಡಕ್ಕೂ ಅಡ್ಡಿ ಇಲ್ಲ ಅಂತ ಹೇಳಿತಲ್ಲ?

ವಿರಾಜಪೇಟೆ_ವಕೀಲೆ
ಹೇಳಿತು, 2024ರ ಆಗಸ್ಟ್‌ನಲ್ಲಿ. ಆದರೆ ನಾಮಿನಿ ಅಂದರೆ ಹಣ ತೆಗೆದುಕೊಳ್ಳುವವರು ಮಾತ್ರ, ಮಾಲೀಕರಲ್ಲ. ವಾರಸುದಾರರು ಬಂದು ಕೇಳಿದರೆ ಅವರಿಗೆ ಕೊಡಬೇಕು. ವಿಲ್ ಇದ್ದರೆ ಮಾತ್ರ ಅದು ಸಂಗಾತಿಯದ್ದಾಗುತ್ತದೆ.

ಸಿದ್ದಾಪುರ_ಲೈನ್‌ಮನೆ
ತೋಟದ ಮಾಲೀಕರ ಆಸ್ತಿ, ವಿಲ್, ದಾನಪತ್ರ ಎಲ್ಲ ಓದಿದೆ. ಲೈನ್ ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಇರುವವರ ಮಾತು ಯಾರೂ ಎತ್ತಲಿಲ್ಲ. ನಾನು ತೋಟ ಕಾರ್ಮಿಕರ ಜೊತೆ ಕೆಲಸ ಮಾಡುವವನು. ಇಂಥ ಜೋಡಿ ಬಡವರಲ್ಲೂ ಇದೆ. "ಇದು ನಗರದ ಸಿರಿವಂತರ ಆಲೋಚನೆ" ಅನ್ನುವ ಅರ್ಥದ ಮಾತನ್ನು ಕೇಂದ್ರ ಸರ್ಕಾರ ಕೋರ್ಟಿನಲ್ಲಿ ಹೇಳಿತ್ತು. ಅವರು ಕಾಫಿ ಕೊಯ್ಲಿನ ಸಮಯದಲ್ಲಿ ಇಲ್ಲಿಗೆ ಬಂದು ನೋಡಬೇಕಿತ್ತು.

ನಮ್ಮವರಿಗೆ ಜಮೀನಿಲ್ಲ, ವಿಲ್ ಬರೆಯಲು ಏನೂ ಇಲ್ಲ. ಇರುವುದು ಪಿಎಫ್, ಗ್ರಾಚ್ಯುಟಿ, ರೇಷನ್ ಕಾರ್ಡ್. ಕಾನೂನು ಲೆಕ್ಕದ ಕುಟುಂಬ ಇರುವ ಕಾರ್ಮಿಕರು ಪಿಎಫ್‌ಗೆ ಹೊರಗಿನವರನ್ನು ನಾಮಿನಿ ಮಾಡುವ ಹಾಗಿಲ್ಲ. ಗ್ರಾಚ್ಯುಟಿಗೂ ಅದೇ. ಒತ್ತಾಯಕ್ಕೆ ಮದುವೆಯಾಗಿ, ಆಮೇಲೆ ಗಂಡನನ್ನು ಬಿಟ್ಟು, ಗೆಳತಿಯ ಜೊತೆ ಇರುವ ಹೆಂಗಸಿನ ದುಡ್ಡು ಕೊನೆಗೆ ಯಾರಿಗೆ ಹೋಗುತ್ತದೆ ಯೋಚಿಸಿ. ಕೆಲಸದ ಮೇಲೆ ಇದ್ದಾಗ ಸತ್ತರೆ ಪರಿಹಾರ ಅವಲಂಬಿತರಿಗೆ ಮಾತ್ರ. ಆ ಪಟ್ಟಿಯಲ್ಲಿ ಸಂಗಾತಿ ಇಲ್ಲ.

ಇನ್ನೊಂದು ಹೇಳುತ್ತೇನೆ. ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಆನೆ ತುಳಿದು ಸತ್ತರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ವಾರಸುದಾರರಿಗೆ. ಜೊತೆಗೆ ಬಾಳಿದವಳು ಹೆಣ ಹೊತ್ತುಕೊಂಡು ಬಂದರೂ ವಾರಸುದಾರಳಲ್ಲ.

ಮಾಲ್ದಾರೆ_ಬೆಳೆಗಾರ
ಆನೆ ವಿಷಯ ಎತ್ತಿದ್ದೀರಿ. ನಮ್ಮ ಕಡೆ ಮೊನ್ನೆ ರಾತ್ರಿ ಮತ್ತೆ ಹಿಂಡು ಬಂದು ಬಾಳೆ, ಕಾಫಿ ಎಲ್ಲ ಮುರಿದು ಹಾಕಿದೆ. ಸೋಲಾರ್ ಬೇಲಿ ಕೆಲಸಕ್ಕೆ ಬರಲ್ಲ. ಯಾರಾದರೂ ಇಲಾಖೆಯವರಿಗೆ ಫೋನ್ ಮಾಡಿ ಉತ್ತರ ಸಿಕ್ಕಿದ್ದರೆ ತಿಳಿಸಿ.

ನಿರ್ವಾಹಕ
ಆನೆಗೆ ಬೇರೆ ಚರ್ಚೆ ಇದೆ, ದಯವಿಟ್ಟು ಅಲ್ಲಿ ಬರೆಯಿರಿ. ಇಲ್ಲಿ ಯಾರ ನಿಜವಾದ ಹೆಸರು, ಊರು, ಒಕ್ಕ ಹಾಕಬೇಡಿ. ಶನಿವಾರಸಂತೆಯ ಸದಸ್ಯರು ಯಾರು ಅಂತ ಊಹಿಸಿ ಬಂದ ಎರಡು ಪ್ರತಿಕ್ರಿಯೆ ತೆಗೆದುಹಾಕಿದ್ದೇನೆ.

ಭಾಗಮಂಡಲ_ಗೌಡ್ತಿ
ಸಿದ್ದಾಪುರದ ಅಣ್ಣ, ರೇಷನ್ ಕಾರ್ಡಿಗೆ ಒಂದು ದಾರಿ ಇದೆ. ಇಂಥ ಜೋಡಿಯನ್ನು ಒಂದೇ ಮನೆಯವರು ಅಂತ ನೋಡಬೇಕು ಅಂತ ಕೇಂದ್ರದ ಆಹಾರ ಇಲಾಖೆ 2024ರಲ್ಲಿ ರಾಜ್ಯಗಳಿಗೆ ಬರೆದಿದೆ. ಇಲ್ಲಿನ ಕೌಂಟರಿನಲ್ಲಿ ಕೂತವರಿಗೆ ಗೊತ್ತಿರುತ್ತಾ ಅನ್ನುವುದು ಬೇರೆ ಮಾತು. ಕಾಗದ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು.

ನಾನು ಹೇಳಲು ಬಂದದ್ದು ವಿಶೇಷ ವಿವಾಹ ಕಾಯ್ದೆ ಬಗ್ಗೆ. ಕೋರ್ಟಿನಲ್ಲಿ ಇಡೀ ವಾದ ನಡೆದದ್ದು 1954ರ ಆ ಕಾಯ್ದೆಯ ಮೇಲೆ, ನಮ್ಮ ನಮ್ಮ ಜಾತಿ ಧರ್ಮದ ಮದುವೆ ಪದ್ಧತಿ ಮೇಲೆ ಅಲ್ಲ. ಸುಬೇದಾರ್ ಮಾವ, ನಿಮ್ಮ ಅರುವರನ್ನು, ಕಲ್ಲನ್ನು ಯಾರೂ ಮುಟ್ಟಲು ಹೋಗಿಲ್ಲ. ನಾನು ಮತ್ತು ನನ್ನ ಗಂಡ ಬೇರೆ ಬೇರೆ ಧರ್ಮದವರು, ಅದೇ ಕಾಯ್ದೆಯಲ್ಲಿ ಮದುವೆ ಆದೆವು. ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನ ಬೋರ್ಡಿನಲ್ಲಿ ನಮ್ಮ ಹೆಸರು, ವಿಳಾಸ ಎಲ್ಲ ಅಂಟಿಸಿದರು. ಎರಡೂ ಮನೆಯಿಂದ ಬಂದು ಗಲಾಟೆ ಮಾಡಿದರು. ಆ 30 ದಿನ ಹೇಗೆ ಕಳೆದೆವು ನಮಗೇ ಗೊತ್ತು. ನಾಳೆ ಎರಡು ಹುಡುಗಿಯರಿಗೂ ಮದುವೆಯ ಹಕ್ಕು ಕೊಟ್ಟು, ಆ ನೋಟಿಸ್ ಹಾಗೇ ಇಟ್ಟರೆ, ಮದುವೆ ದಿನದವರೆಗೆ ಅವರು ಜೀವಸಹಿತ ಇರಬೇಕಲ್ಲ?

ಪೊನ್ನಂಪೇಟೆ_ಮೇಷ್ಟ್ರು
ಅರ್ಜಿದಾರರು ಆ ನೋಟಿಸಿನ ಮೇಲೂ ಆಕ್ಷೇಪ ಎತ್ತಿದ್ದರು. ಕಾಯ್ದೆಯಲ್ಲಿ ಗಂಡಿಗೆ 21, ಹೆಣ್ಣಿಗೆ 18 ಅಂತ ವಯಸ್ಸು ಬರೆದಿದೆ, ಗಂಡ ಹೆಂಡತಿ ಅಂತಲೇ ಎಲ್ಲ ಕಡೆ ಇದೆ. ಇದೊಂದನ್ನು ತಿದ್ದಿದರೆ ಸುಮಾರು 160 ಕಾನೂನು ಅಂಶಗಳು ಅಲುಗಾಡುತ್ತವೆ ಅಂತ ಕೇಂದ್ರದ ಪರ ವಕೀಲರಾದ ಸಾಲಿಸಿಟರ್ ಜನರಲ್ ವಾದ ಮಾಡಿದರು. ಕೋರ್ಟ್ ಹಿಂದೆ ಸರಿಯಲು ಅದೂ ಒಂದು ಕಾರಣ.

ರಾಜಕೀಯದ ಮಾತು ಕೇಳಿದ್ದೀರಿ, ಅದಕ್ಕೆ ಬರುತ್ತೇನೆ. ಆಗ ವಿರೋಧ ಮಾಡಿದವರು ಒಂದೇ ಕಡೆಯವರಲ್ಲ. ಕೇಂದ್ರ ಸರ್ಕಾರ ವಿರೋಧಿಸಿತು. ಮದುವೆ ಅಂದರೆ ಗಂಡು ಹೆಣ್ಣಿನ ನಡುವೆ ಮಾತ್ರ ಅಂತ ಆರೆಸ್ಸೆಸ್‌ನ ಹೊಸಬಾಳೆ ಹೇಳಿದರು. ಮುಸ್ಲಿಂ ಸಂಘಟನೆ ಜಮಿಯತ್ ಉಲಮಾ ಕೂಡ ವಿರೋಧಿಸಿ ಕೋರ್ಟಿಗೆ ಹೋಯಿತು. ವಕೀಲರ ಬಾರ್ ಕೌನ್ಸಿಲ್ ಕೂಡ ವಿರೋಧದ ನಿರ್ಣಯ ಮಾಡಿತು. ಅಭಿಪ್ರಾಯ ಕೇಳಿದಾಗ ರಾಜಸ್ಥಾನ, ಆಂಧ್ರ, ಅಸ್ಸಾಂ ಬೇಡ ಅಂದವು. ಆಗ ರಾಜಸ್ಥಾನದಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ. ಅದೇ ಕಾಂಗ್ರೆಸ್ 2024ರ ಪ್ರಣಾಳಿಕೆಯಲ್ಲಿ ಎಲ್ಲರ ಜೊತೆ ಸಮಾಲೋಚನೆ ಮಾಡಿ ಸಿವಿಲ್ ಯೂನಿಯನ್ (ಮದುವೆ ಅನ್ನದೆ ಜೋಡಿಗೆ ಕೊಡುವ ಕಾನೂನಿನ ಮಾನ್ಯತೆ) ಕಾನೂನು ತರುತ್ತೇವೆ ಅಂತ ಬರೆಯಿತು. ಸಂಸದೆ ಸುಪ್ರಿಯಾ ಸುಳೆ 2022ರಲ್ಲಿ ಇಂಥ ಮದುವೆಗೆ ಖಾಸಗಿ ಮಸೂದೆ ಮಂಡಿಸಿದ್ದರು. ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು.

ನಾಪೋಕ್ಲು_ಸುಬೇದಾರ್
ನೋಡಿ, ಎಲ್ಲ ಪಕ್ಷ, ಎಲ್ಲ ಧರ್ಮದವರೂ ಬೇಡ ಅಂದರು. ಜನರಿಗೆ ಬೇಡ ಅಂದ ಮೇಲೆ ಹೊರದೇಶದ ಪದ್ಧತಿ ಯಾಕೆ ತರಬೇಕು?

ಶನಿವಾರಸಂತೆ_ಹುಡುಗ
ನಾನು ಹೊರದೇಶದಿಂದ ಬಂದವನಲ್ಲ ಸರ್. ಇದೇ ಮಣ್ಣಲ್ಲಿ ಹುಟ್ಟಿದೆ. ಹೊರದೇಶದಿಂದ ಬಂದದ್ದು 377, 1860ರಲ್ಲಿ ಬ್ರಿಟಿಷರು ತಂದದ್ದು.

ಬಾಳೆಲೆ_ಬೊಳ್ಳಮ್ಮ
ಪಕ್ಕದ ನೇಪಾಳದಲ್ಲಿ 2023ರ ನವೆಂಬರ್‌ನಲ್ಲಿ ಇಂಥ ಮದುವೆ ನೋಂದಣಿ ಆಯಿತು. ಥಾಯ್ಲೆಂಡಿನಲ್ಲಿ 2025ರ ಜನವರಿಯಿಂದ ಕಾನೂನೇ ಇದೆ. ತೈವಾನಿನಲ್ಲಿ 2019ರಿಂದ. ಇವೆಲ್ಲ ನಮ್ಮ ಹಾಗೆ ಹಿರಿಯರಿಗೆ ಅಡ್ಡ ಬೀಳುವ ಜನರ ದೇಶಗಳೇ.

ಕುಶಾಲನಗರ_ಹೋಮ್‌ಸ್ಟೇ
ನೇಪಾಳದಲ್ಲಿ ನೋಂದಣಿ ಆದದ್ದು ಕೋರ್ಟಿನ ಮಧ್ಯಂತರ ಆದೇಶದ ಮೇಲೆ. ಅಲ್ಲೂ ಪೂರ್ತಿ ಕಾನೂನು ಅಂತ ಹೇಳಲು ಆಗಲ್ಲ. ಇಲ್ಲಿಗೆ ಬಂದಿದ್ದ ಒಬ್ಬ ಪತ್ರಕರ್ತರು ವಿವರವಾಗಿ ಹೇಳಿದ್ದರು.

ವಿರಾಜಪೇಟೆ_ವಕೀಲೆ
ಈಗ ಅಕ್ಕನ ಮೂಲ ಪ್ರಶ್ನೆಗೆ ಬರೋಣ. ಎಲ್ಲರೂ ದೆಹಲಿ ಕಡೆ ನೋಡುತ್ತಿದ್ದಾರೆ. ಆದರೆ ಮದುವೆ, ವಿಚ್ಛೇದನ, ವಿಲ್, ಉತ್ತರಾಧಿಕಾರ ಎಲ್ಲ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ ಇವೆ. ಸಂಸತ್ತು ಮಾತ್ರ ಅಲ್ಲ, ನಮ್ಮ ವಿಧಾನಸಭೆಯೂ ಕಾನೂನು ಮಾಡಬಹುದು. ಕೇಂದ್ರದ ಕಾನೂನಿಗೆ ಅಡ್ಡ ಬಂದರೆ ರಾಷ್ಟ್ರಪತಿಯ ಅಂಗೀಕಾರ ಬೇಕು, ಅಷ್ಟೇ.

ಸುಮ್ನೆ ಹೇಳುತ್ತಿಲ್ಲ, ಹೀಗೆ ಆಗಿದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕೇಂದ್ರ ಕಾನೂನು ಮಾಡಿದ್ದು 2005ರಲ್ಲಿ. ಕರ್ನಾಟಕ ಅದನ್ನು 1994ರಲ್ಲೇ ಮಾಡಿತ್ತು. ತಮಿಳುನಾಡು 1967ರಲ್ಲಿ ಪುರೋಹಿತರಿಲ್ಲದ ಸ್ವಾಭಿಮಾನದ ಮದುವೆಗೆ ಹಿಂದೂ ವಿವಾಹ ಕಾಯ್ದೆಗೇ ತಿದ್ದುಪಡಿ ತಂದಿತು. 2023ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು ಇಂಥ ಜೋಡಿಗಳಿಗಾಗಿ ಕೌಟುಂಬಿಕ ಒಡನಾಟದ ಪತ್ರ ಅಂತ ಒಂದು ವ್ಯವಸ್ಥೆ ಮಾಡಲು ಯೋಚಿಸಿ ಅಂತ ತಮಿಳುನಾಡು ಸರ್ಕಾರಕ್ಕೆ ಹೇಳಿದರು. ಇಬ್ಬರೂ ಒಪ್ಪಿ ಬರೆದ ಪತ್ರ ನೋಂದಣಿ ಆಗಬೇಕು, ಅವರಿಗೆ ಕಿರುಕುಳ ಆಗದ ಹಾಗೆ ಸರ್ಕಾರ ನೋಡಿಕೊಳ್ಳಬೇಕು ಅನ್ನುವುದು ಅದರ ಉದ್ದೇಶ. 2025ರಲ್ಲಿ ಅದೇ ಹೈಕೋರ್ಟ್, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿ ಅಲ್ಲ ಅಂತ ಬರೆಯಿತು.

ದಾನಪತ್ರದ ಮುದ್ರಾಂಕ ಶುಲ್ಕವಂತೂ ರಾಜ್ಯದ ಕೈಯಲ್ಲಿದೆ. ಅದಕ್ಕೆ ದೆಹಲಿ ಬೇಕಿಲ್ಲ. ಆಸ್ಪತ್ರೆಗಳಿಗೆ ಸುತ್ತೋಲೆ ಕಳಿಸುವುದು ರಾಜ್ಯದ ಕೈಯಲ್ಲಿದೆ. ಮಡಿಕೇರಿ, ವಿರಾಜಪೇಟೆ ಎರಡು ಕ್ಷೇತ್ರದ ಶಾಸಕರಿಗೆ ಇದನ್ನೇ ಬರೆಯಿರಿ. ನಿಮ್ಮ ಕಾಂಗ್ರೆಸ್ ಪಕ್ಷ ಪ್ರಣಾಳಿಕೆಯಲ್ಲಿ ಬರೆದದ್ದರಲ್ಲಿ ರಾಜ್ಯದಲ್ಲಿ ಮಾಡಲು ಆಗುವುದನ್ನಾದರೂ ಮಾಡಿ ಅಂತ ಕೇಳಲು ನಮಗೆ ಹಕ್ಕಿದೆ.

ಪೊನ್ನಂಪೇಟೆ_ಮೇಷ್ಟ್ರು
ಒಳ್ಳೆಯ ಮಾತು. 1956ರವರೆಗೆ ಕೊಡಗು ಬೇರೆ ರಾಜ್ಯ, 24 ಜನರ ಸ್ವಂತ ವಿಧಾನಸಭೆ ಇತ್ತು. ಆಗಾಗಿದ್ದರೆ ಮಡಿಕೇರಿಗೇ ಹೋಗಿ ಕೇಳಬಹುದಿತ್ತು. ಈಗ ಬೆಂಗಳೂರಿಗೆ ಬರೆಯೋಣ.

ಸಿದ್ದಾಪುರ_ಲೈನ್‌ಮನೆ
ಪಿಎಫ್ ಕೇಂದ್ರದ ಕೈಯಲ್ಲಿದೆ. ಅದಕ್ಕೆ ಮೈಸೂರು–ಕೊಡಗು ಸಂಸದರಿಗೂ ಒಂದು ಪತ್ರ ಹೋಗಬೇಕು.

ಶನಿವಾರಸಂತೆ_ಹುಡುಗ
ಮೇಡಂ, ಒಂದು ಅನುಮಾನ. ಇಬ್ಬರಲ್ಲಿ ಒಬ್ಬರು ಟ್ರಾನ್ಸ್ ಆಗಿದ್ದರೆ? ನನ್ನ ಗೆಳೆಯನೊಬ್ಬನ ಪ್ರಶ್ನೆ.

ವಿರಾಜಪೇಟೆ_ವಕೀಲೆ
ಟ್ರಾನ್ಸ್ ಗಂಡು ಮತ್ತು ಹೆಣ್ಣು, ಅಥವಾ ಟ್ರಾನ್ಸ್ ಹೆಣ್ಣು ಮತ್ತು ಗಂಡು ಆದರೆ ಈಗಿರುವ ಕಾನೂನಿನಲ್ಲೇ ಮದುವೆ ಆಗಬಹುದು. 2023ರ ತೀರ್ಪಿನಲ್ಲೇ ಅದು ಸ್ಪಷ್ಟವಾಗಿದೆ. ಗುರುತಿನ ಪತ್ರ ಮೊದಲು ಮಾಡಿಸಿಕೊಳ್ಳಲಿ. ಮನೆಯವರು ಕೂಡಿಹಾಕಿದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸಿ ಅಂತ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಅಂಥ ಪ್ರಕರಣದಲ್ಲಿ ನ್ಯಾಯಾಧೀಶರು ಹೇಗೆ ನಡೆದುಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಮನೆಗೆ ಹೋಗು ಅಂತ ಬುದ್ಧಿ ಹೇಳಿ ಕಳಿಸುವ ಹಾಗಿಲ್ಲ.

ಕೀರೆಹೊಳೆ_ಅಕ್ಕ
ಎಲ್ಲರ ಉತ್ತರ ತಂಗಿಗೂ ಅವಳ ಸಂಗಾತಿಗೂ ಓದಿ ಹೇಳಿದೆ. ವಿಲ್ ಮಾಡಿಸಲು ಒಪ್ಪಿದ್ದಾರೆ. ಶಾಸಕರಿಗೆ ಬರೆಯುವ ಪತ್ರದಲ್ಲಿ ಈ ನಾಲ್ಕು ವಿಷಯ ಹಾಕಿದ್ದೇನೆ: ಜೊತೆ ಬಾಳುವ ಪತ್ರಕ್ಕೆ ರಾಜ್ಯದಲ್ಲಿ ನೋಂದಣಿ, ಆಸ್ಪತ್ರೆಯಲ್ಲಿ ಸಂಗಾತಿಯ ಸಹಿಗೆ ಬೆಲೆ, ದಾನಪತ್ರದ ಶುಲ್ಕದಲ್ಲಿ ಸಮಾನತೆ, ಆನೆ ದಾಳಿಯ ಪರಿಹಾರದಲ್ಲಿ ಸಂಗಾತಿಯ ಹೆಸರು. ಮದುವೆಯ ಹಕ್ಕು ಮತ್ತು ಪಿಎಫ್ ಸಂಸದರ ಪತ್ರಕ್ಕೆ. ದತ್ತು ಸೇರಿಸಬೇಕಾ?

ನಾಪೋಕ್ಲು_ಸುಬೇದಾರ್
ದತ್ತು ಬೇಡ. ಮಕ್ಕಳ ವಿಷಯ ದೊಡ್ಡದು. ಆಸ್ಪತ್ರೆ ಮತ್ತು ಆನೆ ಪರಿಹಾರಕ್ಕೆ ನನ್ನ ಸಹಿ ಹಾಕುತ್ತೇನೆ, ಅದು ನ್ಯಾಯ. ಉಳಿದದ್ದಕ್ಕೆ ಇಲ್ಲ. ಮದುವೆಗಂತೂ ಖಂಡಿತ ಇಲ್ಲ.

ಬಾಳೆಲೆ_ಬೊಳ್ಳಮ್ಮ
ದತ್ತು ಸೇರಿಸಿ ಅಕ್ಕ. ಈಗಲೂ ಒಂಟಿ ಹೆಂಗಸು ದತ್ತು ತೆಗೆದುಕೊಳ್ಳಬಹುದು. ಇಬ್ಬರು ಸೇರಿ ಸಾಕಿದರೂ ಕಾಗದದಲ್ಲಿ ಒಬ್ಬಳೇ ತಾಯಿ. ಅವಳು ಸತ್ತರೆ ಮಗುವನ್ನು ಯಾರು ನೋಡಿಕೊಳ್ಳಬೇಕು? ಸುಬೇದಾರ್ ಅಣ್ಣ, ಮಕ್ಕಳ ಮೇಲಿನ ಕಾಳಜಿಯಿಂದಲೇ ಇದನ್ನು ಕೇಳುತ್ತಿದ್ದೇನೆ.

ನಾಪೋಕ್ಲು_ಸುಬೇದಾರ್
ಯೋಚನೆ ಮಾಡುತ್ತೇನೆ. ಈಗ ಒಪ್ಪಿದೆ ಅಂತ ಬರೆದುಕೊಳ್ಳಬೇಡಿ.

ಸುಂಟಿಕೊಪ್ಪ_ನರ್ಸ್
ಆಸ್ಪತ್ರೆಯ ವಿಷಯದಲ್ಲಿ ಸಹಿ ಒಂದೇ ಹಾಕಿದ್ದೀರಿ. ಐಸಿಯು ಒಳಗೆ ಬಿಡುವುದು, ರಿಪೋರ್ಟ್ ತೋರಿಸುವುದು, ತೀರಿಕೊಂಡರೆ ದೇಹ ಒಪ್ಪಿಸುವುದು ಕೂಡ ಸೇರಿಸಿ. ಹತ್ತಿರದ ನೆಂಟರು ಇಲ್ಲದಿದ್ದಾಗ ದೇಹ ಸಂಗಾತಿಗೆ ಕೊಡಬಹುದು ಅಂತ ಕೇಂದ್ರದ ಆರೋಗ್ಯ ಇಲಾಖೆ 2024ರಲ್ಲಿ ಬರೆದಿದೆ. ನೆಂಟರು ಇದ್ದೂ ಬರದಿದ್ದರೆ ಏನು ಮಾಡಬೇಕು ಅಂತ ನಮ್ಮ ಶವಾಗಾರದ ಹುಡುಗನಿಗೆ ಯಾರೂ ಹೇಳಿಲ್ಲ.

ಕೀರೆಹೊಳೆ_ಅಕ್ಕ
ಸೇರಿಸಿದೆ. ದತ್ತು ಸಂಸದರ ಪತ್ರದಲ್ಲಿ ಇರಲಿ, ಸುಬೇದಾರ್ ಅಣ್ಣನ ಸಹಿಗೆ ಬೇರೆ ಹಾಳೆ ಮಾಡುತ್ತೇನೆ. ವಕೀಲೆ ಮೇಡಂ, ಭಾಷೆ ಒಮ್ಮೆ ನೋಡಿಕೊಡಿ. ಹೆಸರು ಹಾಕಲು ಒಪ್ಪುವವರು ಮಾತ್ರ ನನಗೆ ಪ್ರತ್ಯೇಕ ಸಂದೇಶ ಕಳಿಸಿ. ಶನಿವಾರಸಂತೆ ತಮ್ಮ, ನೀನು ಹಾಕಬೇಕಿಲ್ಲ.